ಹುಲ್ಲುಬಣ್ಣದ ಉಕ್ಕು

“ಸಹಿ ಎಲ್ಲಿ ಹಾಕ್ಬೇಕು, ಅದನ್ನ ಹೇಳಿ. ಬಾಕಿದ್ದೆಲ್ಲ ನೀವೇ ಬರ್ಕೊಳ್ಳಿ,” ಎಂದಳು ವಾಲ್‌ಬುರ್ಗಾ ಶ್ಲೆಂಕರ್.

ನಾನು ಪೆನ್ನು ಕೊಡಲಿಲ್ಲ. ಕೊಡುವ ಮನಸ್ಸಿದ್ದಿದ್ದರೆ ಈ ಹೆಂಗಸನ್ನು ಠಾಣೆಯಿಂದ ಎಬ್ಬಿಸಿಕೊಂಡು, ಮುಂದಿನ ಕಾರೂ ಕಾಣದಂಥ ನವೆಂಬರ್ ಮಂಜಿನಲ್ಲಿ, ಅವಳ ಗಂಡ ಸತ್ತ ಜಾಗಕ್ಕೇ ಮತ್ತೆ ಕರೆತರುವ ಹಣೆಬರಹ ನನಗೇನಿತ್ತು?

ಕಳೆದ ಗುರುವಾರ ಬೆಳಿಗ್ಗೆ ಇದೇ ಕಾರ್ಖಾನೆಯಲ್ಲಿ ಕ್ರೇನಿನ ಕೊಕ್ಕೆ ಹಿಡಿದಿದ್ದ ಪಿನ್ನು ಮುರಿದು, ಮೇಲೆತ್ತಿದ್ದ ಉಕ್ಕಿನ ಅಚ್ಚು ಕೆಳಗೆ ಬಿದ್ದು, ಕ್ರೇನ್ ನಡೆಸುತ್ತಿದ್ದ ಆಂಟೊನ್ ಶ್ಲೆಂಕರ್ ಅದರ ಅಡಿಯಲ್ಲೇ ಹೋಗಿಬಿಟ್ಟಿದ್ದ. ಪಿನ್ನು ಸವೆದಿದೆ, ಹೊಸದು ಬೇಗ ಮಾಡಿಸು ಎಂದು ಅವನು ಹೆಂಡತಿಯನ್ನು ಕೇಳಿದ್ದ. ಹೆಂಡತಿ ಆಗಲ್ಲ ಎಂದಿದ್ದಳು.

ಅದೂ ಎಲ್ಲರೆದುರಿಗೆ. ಊಟದ ಕೋಣೆಯಲ್ಲಿ, ಮೇಜಿನ ಮೇಲೆ ಚಮಚ ಕುಟ್ಟಿ, “ಶುಕ್ರವಾರದ ತನಕ ಕಾದ್ರೆ ನೀನೇನೂ ಸಾಯಲ್ಲ!” ಎಂದಿದ್ದಳು. ಕೇಳಿಸಿಕೊಂಡವರು ಒಬ್ಬಿಬ್ಬರಲ್ಲ. ಒಬ್ಬೊಬ್ಬರೂ ಬಂದು ಅದೇ ಮಾತನ್ನು ನನಗೆ ಹೇಳಿ ಹೋಗಿದ್ದರು, ಕೆಲವರಂತೂ ಚಮಚದ ಸದ್ದಿನ ಸಮೇತ.

ಸರ್ಕಾರಿ ವಕೀಲ ಡಾಕ್ಟರ್ ಲೆಂಟ್ಸ್‌ಗೆ ಅಷ್ಟೇ ಸಾಕಾಗಿತ್ತು. “ಹೆರ್ ಫಾಯ್ಟ್, ಹೆಂಗಸೇ ಒಪ್ಕೊಂಡಿದ್ದಾಳೆ. ಸಂಜೆ ಒಳಗೆ ಸಹಿ ಮಾಡಿದ ಕಾಗದ ನನ್ನ ಮೇಜಿನ ಮೇಲಿರಲಿ. ನೀವ್ಯಾಕೆ ಮೊಸರಲ್ಲಿ ಕಲ್ಲು ಹುಡುಕ್ತೀರಿ?” ಎಂದು ಬೆಳಿಗ್ಗೆ ಫೋನಿನಲ್ಲೇ ನನ್ನ ಮೇಲೆ ರೇಗಿದ್ದ.

ಹುಡುಕುತ್ತೇನೆ. ಪೊಲೀಸನಾಗಿ ಅದೇ ನನ್ನ ಕೆಲಸ. ಅದರಲ್ಲೂ ಒಂದು ಕಲ್ಲು ಆಗಲೇ ಸಿಕ್ಕಿ, ನನ್ನ ಕೋಟಿನ ಜೇಬಿನಲ್ಲಿ ತೂಗುತ್ತಿತ್ತು.

“ಮೊದಲು ಹಲಗೆ ತೋರಿಸಿ, ಫ್ರೌ ಶ್ಲೆಂಕರ್. ಸಹಿ ಎಲ್ಲೂ ಓಡಿ ಹೋಗಲ್ಲ,” ಎಂದೆ.

ಹಲಗೆ ಕಾರ್ಖಾನೆಯ ನಡುಗೋಡೆಯ ಉದ್ದಕ್ಕೂ ಇತ್ತು. ಲೇತ್‌ಗಳಿಗೊಂದು ಸಾಲು, ಮಿಲ್ಲಿಂಗ್‌ಗೊಂದು, ಹದದ ಕುಲುಮೆಗೊಂದು, ಗ್ರೈಂಡಿಂಗ್‌ಗೊಂದು. ಪ್ರತಿ ಕೆಲಸಕ್ಕೂ ಒಂದು ಕಾರ್ಡು. ಒಂದೊಂದು ಮಾಲೂ ಈ ಮೆಷಿನ್‌ನಿಂದ ಆ ಮೆಷಿನ್‌ಗೆ ಹೋಗಬೇಕು, ಒಂದು ಮೆಷಿನ್ ಒಂದು ಸಲಕ್ಕೆ ಒಂದೇ ಕೆಲಸ ಹಿಡಿಯುತ್ತದೆ, ಎಲ್ಲರಿಗೂ ತಮ್ಮದೇ ಮೊದಲಾಗಬೇಕು. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುವವಳು ವಾಲ್‌ಬುರ್ಗಾ. ಬುರ್ಗಾ ಎನ್ನುತ್ತಾರೆ ಎಲ್ಲರೂ. ಅವಳು ಕಾರ್ಡು ಸಿಕ್ಕಿಸಿದಳೆಂದರೆ ಮುಗಿಯಿತು, ಕಾರ್ಖಾನೆಯ ಯಜಮಾನನೂ ತುಟಿ ಬಿಚ್ಚುತ್ತಿರಲಿಲ್ಲವಂತೆ.

ಈಗ ಅದೇ ಯಜಮಾನ ಕೈಯಲ್ಲಿ ಒಂದು ಹಿಡಿ ಕಾರ್ಡು ಹಿಡಿದು ಹಲಗೆಯ ಮುಂದೆ ಬೆವರುತ್ತಿದ್ದ. ಮಿಲ್ಲಿಂಗ್ ಮೆಷಿನ್ ಮುಂದೆ ಮಾಲು ಸೊಂಟದೆತ್ತರ ಬಿದ್ದಿತ್ತು. ಗ್ರೈಂಡಿಂಗ್‌ನವರು ಕೆಲಸವಿಲ್ಲದೆ ಕೈಕಟ್ಟಿ ನಿಂತಿದ್ದರು. ಲೇತ್ ಹತ್ತಿರ ಇಬ್ಬರು ಒಂದೇ ಕೆಲಸಕ್ಕೆ ಜಗಳ ಹೂಡಿದ್ದರು. ಬುರ್ಗಾ ಹತ್ತಿರ ಬರುತ್ತಿದ್ದಂತೆ ಜಗಳ ತಾನಾಗಿ ನಿಂತಿತು. ಒಬ್ಬನೂ ಅವಳ ಮುಖ ನೋಡಲಿಲ್ಲ, ಎಲ್ಲರಿಗೂ ಇದ್ದಕ್ಕಿದ್ದಂತೆ ತಮ್ಮ ಬೂಟುಗಳಲ್ಲಿ ಏನೋ ಕಂಡಿತು.

ಥೂ, ಎಂಥ ಜನ! ಅವಳು ತಂದಿಟ್ಟ ಬ್ರೆಜೆಲ್ ರೊಟ್ಟಿ ತಿಂದವರು, ಅವಳ ಗಂಡನ ಜೊತೆ ಇಸ್ಪೀಟು ಆಡಿದವರು.

ಆಕೆ ಹಲಗೆಯನ್ನು ಒಂದು ಸಲ ನೋಡಿದಳು. ಅಭ್ಯಾಸಬಲದಿಂದ ಕೈ ತಾನಾಗಿ ಮೇಲೆದ್ದು, ಒಂದು ಕಾರ್ಡನ್ನು ಕಿತ್ತು ಎರಡು ಮನೆ ಆಚೆ ಸಿಕ್ಕಿಸಿತು. ಆಮೇಲೆ ತನ್ನ ಕೈಯನ್ನೇ ಬೇರೆ ಯಾರದೋ ಎಂಬಂತೆ ನೋಡಿ, ಕೆಳಗಿಳಿಸಿದಳು.

“ಈ ಹಲಗೆಗೆ ಬೇರೆ ಯಾರಾದ್ರೂ ಕೈ ಹಾಕ್ತಾರಾ?”

“ಹಾಕಿದ್ರೆ ಕೈ ಮುರೀತೀನಿ ಅಂತ ಎಲ್ರಿಗೂ ಗೊತ್ತು.”

“ಕ್ರೇನ್ ಪಿನ್ನಿನ ಕಾರ್ಡು ಎಲ್ಲಿತ್ತು?”

ಆಕೆ ಹಲಗೆಯ ಕೆಳಗಿದ್ದ ಒಂದು ಮೊಳೆಯನ್ನು ತೋರಿಸಿದಳು. ಅದಕ್ಕೆ ಕಂದು ಬಣ್ಣದ ಕಾರ್ಡುಗಳ ಒಂದು ಕಂತೆ ಚುಚ್ಚಿತ್ತು. “ಮನೆಗೆಲಸ. ಅಂದ್ರೆ ನಮ್ಮ ಕಾರ್ಖಾನೆದೇ ರಿಪೇರಿಗಳು. ಬಾಗಿಲ ಚಿಲಕ, ತಳ್ಳೋ ಗಾಡಿ ಗಾಲಿ, ಇಂಥವು. ಗಿರಾಕಿ ಕೆಲಸ ಎಲ್ಲ ಮುಗಿದ ಮೇಲೆ, ಶುಕ್ರವಾರ ಈ ಮೊಳೆಗೆ ಕೈ ಹಾಕೋದು. ಹೊಸ ಪಿನ್ನು ಕಡೆದು ಉಗ್ರಾಣದಲ್ಲಿತ್ತು, ಕುಲುಮೆ ಹದವೊಂದೇ ಬಾಕಿ. ಎಲ್ಲ ಕಾರ್ಖಾನೇಲೂ ಹಾಗೇನೇ. ನಮ್ಮ ಮನೆ ಗಡಿಯಾರ ರಿಪೇರಿ ಮಾಡೋನ ಮನೇಲಿ ಗಡಿಯಾರ ಓಡಲ್ಲ ಅಲ್ವಾ, ಹಾಗೆ.”

“ನಿಮ್ಮ ಯಜಮಾನರು ಕೇಳಿದ್ರೂ?”

“ಯಾವ ಯಜಮಾನರು? ಆಂಟೊನಾ?” ಆಕೆಯ ಬಾಯಿ ವಾರೆಯಾಯಿತು, ನಗು ಬರಬೇಕಾಗಿದ್ದ ಜಾಗ ಅದು. “ಗಂಡ ಅಂತ ಮುಂದೆ ಹಾಕಿದ್ರೆ ನಾಳೆ ಇವ್ರೆಲ್ಲ ನನ್ನ ಮಾತು ಕೇಳ್ತಿದ್ರಾ? ಕಾಯಿ ಅಂದೆ. ಕಾದ. ಪಾಪ, ಎಲ್ಲದಕ್ಕೂ ಕಾಯೋನು. ಮಂಗಳವಾರ ಬೆಳಿಗ್ಗೆ ದವಡೆಹಲ್ಲು ಕೀಳಿಸೋಕೆ ಹೋದಾಗ್ಲೂ, ಡಾಕ್ಟ್ರು ಒಳಗೆ ಕರೆಯೋ ತನಕ ನನ್ನ ಕೈ ಹಿಡ್ಕೊಂಡು ಬೆಂಚಿನ ಮೇಲೆ ಕೂತಿದ್ದ. ಅಷ್ಟು ದೊಡ್ಡ ಗಂಡಸು, ಕಣ್ಣಲ್ಲಿ ನೀರು. ಮಧ್ಯಾಹ್ನ ಮನೇಲಿ ಫ್ಲೇಡ್ಲೆ ಸೂಪ್ ಕೊಟ್ಟೆ, ಅದರಲ್ಲಿದ್ದ ಮೆತ್ತನೆ ದೋಸೆ ಚೂರು ಕೂಡ ಅಗಿಯೋಕಾಗ್ಲಿಲ್ಲ. ಬುಧವಾರ ಎಲ್ಲ ಮುಖ ಊದ್ಕೊಂಡು ಮಲಗಿದ್ದ. ಗುರುವಾರ ನಾನು ಏಳೋ ಮುಂಚೆ ಎದ್ದು ಬಂದುಬಿಟ್ಟ. ಆ ಸವೆದ ಪಿನ್ನಿಗೇ ಭಾರ ಹಾಕಿದ. ಶುಕ್ರವಾರಕ್ಕೆ ಒಂದೇ ದಿನ ಇತ್ತು ಹೆರ್ ಫಾಯ್ಟ್. ಒಂದೇ ದಿನ. ಮೊಳೆಯಿಂದ ಒಂದು ಕಾರ್ಡು ತೆಗ್ದು ಮೇಲೆ ಹಾಕೋಕೆ ನನ್ನ ಕೈ ಏಳ್ಲಿಲ್ಲ. ನಾನೇ ಕೊಂದೆ. ಅದನ್ನ ಬರೀರಿ ಅಂದ್ರೆ ನೀವು ಯಾಕೆ ನನ್ನನ್ನ ಸುತ್ತಾಡಿಸ್ತಿದ್ದೀರಿ?”

ಅಷ್ಟರಲ್ಲಿ ಉಗ್ರಾಣದ ಬಾಗಿಲಿನಿಂದ ಅವಳ ಮಗಳು ಲೋರೆ ಬಂದಳು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ, ಅಪ್ಪನ ಹಾಗೇ ಅಗಲ ಹೆಗಲು. ಉಗ್ರಾಣದಲ್ಲಿ ಕೆಲಸ, ತಯಾರಾದ ಮಾಲನ್ನು ಬುಟ್ಟಿಗೆ ತುಂಬಿ ಮೆಷಿನ್‌ಗಳಿಗೆ ತಲುಪಿಸುವವಳು. ಕಾಗದದಲ್ಲಿ ಸುತ್ತಿದ ಬೆಣ್ಣೆ ಬ್ರೆಜೆಲ್ಲನ್ನು ಅಮ್ಮನ ಕೈಗೆ ತುರುಕಿದಳು.

“ತಿನ್ನಮ್ಮ. ನಿನ್ನೆಯಿಂದ ಏನೂ ತಿಂದಿಲ್ವಂತೆ.”

“ಆಮೇಲೆ ತಿಂತೀನಿ.”

“ನಿನ್ನ ಆಮೇಲೆ ನಂಗೊತ್ತು.”

ಕುಲುಮೆಯ ಮೈಸ್ಟರ್, ಅಂದರೆ ಅಲ್ಲಿನ ಮುಖ್ಯ ಕೆಲಸಗಾರ, ಕ್ವಿರಿನ್ ಬೊಪ್ ಆ ದಾರಿಯಲ್ಲೇ ಹಾದುಹೋದ. ದಪ್ಪ ಮೀಸೆಯ, ಸುಟ್ಟ ಕಲೆಗಳ ಕೈಯ ಮುದುಕ. ಲೋರೆಗೆ ಜ್ಞಾನಸ್ನಾನ ಮಾಡಿಸಿದಾಗ ಎತ್ತಿಕೊಂಡ ಜ್ಞಾನತಂದೆ ಅವನೇ ಎಂದು ಊರಿಗೆಲ್ಲ ಗೊತ್ತು. “ಲೋರೆ…” ಎಂದು ಏನೋ ಹೇಳಲು ಬಂದ. ಅವಳು ಸಟ್ಟನೆ ಮುಖ ತಿರುಗಿಸಿ, ಬಂದ ದಾರಿಯಲ್ಲೇ ಹೊರಟುಹೋದಳು.

ಬೊಪ್ ಅಲ್ಲೇ ನಿಂತ. ಹುಡುಗಿಗೆ ಇವನ ಮೇಲೇಕೆ ಸಿಟ್ಟು? ಆ ಪ್ರಶ್ನೆಯನ್ನು ಮನಸ್ಸಿನಲ್ಲೇ ಮಡಚಿಟ್ಟುಕೊಂಡೆ.

“ಮೈಸ್ಟರ್ ಬೊಪ್, ನಿಮ್ಮ ಕೋಣೆಗೆ ಹೋಗೋಣ. ಮೂವರೂ,” ಎಂದೆ.

ಕುಲುಮೆಯ ಕೋಣೆಯಲ್ಲಿ ಎಣ್ಣೆ ಸುಟ್ಟ ವಾಸನೆ. ನಾನು ಬಾಗಿಲು ಮುಚ್ಚಿದೆ. ಬೊಪ್ ಒಂದು ಸ್ಟೂಲನ್ನು ತೋಳಿನಿಂದ ಒರೆಸಿ ಬುರ್ಗಾಗೆ ಕೊಟ್ಟ. ಆಕೆ ಕೂತಳು. ಬ್ರೆಜೆಲ್ ಇನ್ನೂ ಕೈಯಲ್ಲೇ ಇತ್ತು.

“ಮೈಸ್ಟರ್, ನಾನು ಕತ್ತರಿ ಮಾಡೋನ ಮಗ. ನಮ್ಮಪ್ಪ ಹಿತ್ತಲಲ್ಲೇ ಕುಲುಮೆ ಇಟ್ಕೊಂಡಿದ್ದ. ಆದ್ರೂ ಒಂದ್ಸಲ ನಿಮ್ಮ ಬಾಯಲ್ಲೇ ಕೇಳೋಣ. ವಾರ ಹೇಗೆ ನಡೆಯುತ್ತೆ ಇಲ್ಲಿ?”

“ಹೇಗೆ ಅಂದ್ರೆ?” ಎಂದು ಅವನು ಗೊಣಗಿದ. “ಕೆಂಪಗೆ ಕಾಯಿಸಿ ಎಣ್ಣೇಲಿ ಅದ್ದಿದ ಉಕ್ಕು ಗಾಜಿನ ಹಾಗೆ, ಗಡುಸು, ಆದ್ರೆ ಬಿದ್ರೆ ಚೂರು. ಅದನ್ನ ಇಲ್ಲಿಟ್ಟು ಹದ ಮಾಡ್ತೀವಿ. ಸೋಮವಾರ, ಮಂಗಳವಾರ ಕಮ್ಮಿ ಶಾಖ. ಬ್ಲೇಡು, ಕತ್ತರಿ, ಗಡುಸಾಗೇ ಇರ್ಬೇಕಾದ್ದೆಲ್ಲ ಆವಾಗ. ದಿನದಿನಕ್ಕೆ ಶಾಖ ಏರಿಸ್ತಾ ಹೋಗ್ತೀವಿ. ಶುಕ್ರವಾರ ಜಾಸ್ತಿ. ಸ್ಪ್ರಿಂಗು, ಕೊಕ್ಕೆ, ಪಿನ್ನು, ಭಾರ ಹೊರೋವು. ಅವು ಬಾಗ್ಬೇಕೇ ಹೊರ್ತು ಮುರೀಬಾರ್ದು. ಆಮೇಲೆ ಶನಿವಾರ, ಭಾನುವಾರ ಪೂರ್ತಿ ಕುಲುಮೆ ತಣ್ಣಗಾಗತ್ತೆ.”

“ಮಧ್ಯದಲ್ಲಿ ಏರಿಸಿ ಇಳಿಸಿ ಮಾಡಲ್ವಾ?”

“ಇಷ್ಟು ದೊಡ್ಡ ಕುಲುಮೆ ಇಳಿಯೋಕೆ ಒಂದು ದಿನ ತಿನ್ನುತ್ತೆ. ಅದಕ್ಕೇ ಬುರ್ಗಾ ಹಂಗೆ ಜೋಡಿಸಿಟ್ಟಿರೋದು. ಅವಳು ಬಂದ ಮೇಲೆ ಒಂದಿನಾನೂ ತಪ್ಪಿಲ್ಲ.”

“ಬಣ್ಣ?”

ಬೊಪ್ ಕುಲುಮೆಯ ಕಡೆ ತಿರುಗಿಕೊಂಡ. ಬುರ್ಗಾನೇ ಹೇಳಿದಳು, ಪಾಠ ಒಪ್ಪಿಸುವ ಹಾಗೆ: “ಕಮ್ಮಿ ಶಾಖದ್ದು ಒಣಹುಲ್ಲಿನ ಬಣ್ಣ ಬರುತ್ತೆ. ಜಾಸ್ತಿ ಶಾಖದ್ದು ನೀಲಿ.”

ನಾನು ಕೋಟಿನ ಜೇಬಿನಿಂದ ಒಂದು ಪಿನ್ನು ತೆಗೆದು ಬೆಂಚಿನ ಮೇಲಿಟ್ಟೆ. ಹೆಬ್ಬೆರಳಿಗಿಂತ ದಪ್ಪ, ನಡುವೆ ಸವೆದು ತೆಳುವಾದದ್ದು. ಆದರೆ ಇಡಿಯಾಗಿತ್ತು.

“ಇದೇನು ಫ್ರೌ ಶ್ಲೆಂಕರ್?”

“ಕ್ರೇನ್ ಪಿನ್ನು. ಹಳೇದು.” ಆಕೆ ಮುಂದಕ್ಕೆ ಬಗ್ಗಿದಳು. “ಇದು… ಇದು ಎಲ್ಲಿತ್ತು?”

“ನಿಮ್ಮ ಆಂಟೊನ್ ಹಾಕ್ಕೊಂಡಿದ್ದ ಕೆಲಸದ ಅಂಗಿ ಜೇಬಲ್ಲಿ. ಶವಾಗಾರದವರು ಬಟ್ಟೆ ಗಂಟು ಕಟ್ಟಿ ಇಟ್ಟಿದ್ರು, ಯಾರೂ ಬಿಚ್ಚಿ ನೋಡಿರ್ಲಿಲ್ಲ. ಮೊನ್ನೆ ನಾನು ಬಿಚ್ಚಿದೆ.”

“ಆದ್ರೆ ಮುರಿದಿದ್ದು…”

“ಮುರಿದಿದ್ದು ಇದಲ್ಲ. ಹಳೇದನ್ನ ಅವ್ರೇ ತೆಗ್ದು ಜೇಬಿಗೆ ಹಾಕ್ಕೊಂಡಿದ್ರು. ಗುರುವಾರ ಬೆಳಿಗ್ಗೆ ಹೊಸ ಪಿನ್ನು ಹಾಕಿ, ಆಮೇಲೆ ಭಾರ ಎತ್ತಿದ್ರು.”

ಇನ್ನೊಂದು ಜೇಬಿನಿಂದ ಮುರಿದ ತುಂಡುಗಳನ್ನು ತೆಗೆದೆ. ಘಟನೆಯ ಜಾಗದಲ್ಲಿ ಸಿಕ್ಕಾಗ ಅವು ಕ್ರೇನಿನ ಕರಿ ಗ್ರೀಸಿನಲ್ಲಿ ಮುಳುಗಿದ್ದವು. ಹಳೆಯದೇ ಎಂದು ನಾವೆಲ್ಲ ಕಣ್ಣುಮುಚ್ಚಿ ನಂಬಿ ಚೀಲಕ್ಕೆ ಹಾಕಿದ್ದೆವು. ನಾನೂ ಆ ದಡ್ಡರಲ್ಲಿ ಒಬ್ಬ. ನಿನ್ನೆ ಮನೆಯಲ್ಲಿ ಸೀಮೆಎಣ್ಣೆ ಹಾಕಿ ಉಜ್ಜಿದೆ. 

ಕಿಟಕಿಯ ಬೆಳಕಿಗೆ ತುಂಡು ಹಿಡಿದೆ. ತಿಳಿ ಹಳದಿ. ಒಣಗಿದ ಹುಲ್ಲಿನ ಬಣ್ಣ. ಮುರಿದ ಮುಖ ಗಾಜಿನಂತೆ ಫಳಫಳ ಎನ್ನುತ್ತಿತ್ತು.

ಬುರ್ಗಾಳ ಕೈಯಿಂದ ಬ್ರೆಜೆಲ್ ಜಾರಿ ನೆಲಕ್ಕೆ ಬಿತ್ತು. ಆಕೆ ಎತ್ತಿಕೊಳ್ಳಲಿಲ್ಲ.

“ಅರ್ಥ ಆಯ್ತಾ ಫ್ರೌ ಶ್ಲೆಂಕರ್? ನೀವು ಮುಂದೂಡಿದ್ದು ಸರಿಯಾಗೇ ಇತ್ತು. ಹಳೇ ಪಿನ್ನು ಸವೆದಿತ್ತು, ಆದ್ರೆ ಅದು ಶುಕ್ರವಾರದ ತನಕ ಅಲ್ಲ, ಇನ್ನೂ ಎಷ್ಟೋ ವಾರ ತಡೀತಿತ್ತು. ಇಲ್ಲಿ ಇಡಿಯಾಗೇ ಇದೆ, ನೋಡಿ. ನೀವು ನಿಮ್ಮ ಗಂಡನ್ನ ಕೊಂದಿಲ್ಲ. ಯಾರೋ ನಿಮ್ಮ ಸರದಿ ಮುರಿದು, ನೀಲಿ ಆಗ್ಬೇಕಿದ್ದ ಪಿನ್ನನ್ನ ಮಂಗಳವಾರದ ಬ್ಲೇಡುಗಳ ಜೊತೆ ಕುಲುಮೆಗೆ ತೂರಿಸಿದ್ದಾರೆ.”

ನಾನು ಅವಳ ಮುಖದಲ್ಲಿ ಸ್ವಲ್ಪವಾದರೂ ನೆಮ್ಮದಿ ಹುಡುಕಿದೆ. ಒಂದು ವಾರದಿಂದ ಎದೆ ಮೇಲೆ ಹೊತ್ತ ಬಂಡೆ ಇಳಿಸಿದ್ದೇನೆ, ಅಳಲಿ, ಬಯ್ಯಲಿ, ಏನಾದರೂ ಮಾಡಲಿ ಎಂದುಕೊಂಡೆ. ಆಕೆಯ ಮುಖದ ರಕ್ತವೆಲ್ಲ ಇಳಿದುಹೋಯಿತು. ತುಂಡನ್ನು ನೋಡಿದಳು, ಬಾಗಿಲನ್ನು ನೋಡಿದಳು, ಮತ್ತೆ ತುಂಡನ್ನು ನೋಡಿದಳು.

“ಮಂಗಳವಾರ,” ಎಂದಳು, ಕೇಳಿಸದಷ್ಟು ಮೆಲ್ಲಗೆ.

ನಾನು ಬೊಪ್‌ನ ಕಡೆ ತಿರುಗಿದೆ. ಮುದುಕ ಕುಲುಮೆಯ ಹಿಡಿಗೆ ಒರಗಿಕೊಂಡಿದ್ದ.

“ಈ ಬಾಗಿಲು ತೆಗೆಯೋದು, ಮುಚ್ಚೋದು ನೀವೊಬ್ರೇ. ಹೊಸ ಪಿನ್ನು ಗುರುವಾರ ಆಂಟೊನ್ ಕೈಗೆ ಹೋಗಿದ್ದೂ ನಿಮ್ಮಿಂದ್ಲೇ. ಆದ್ರೂ ಹಳೇ ಪಿನ್ನು ಮುರೀತು ಅಂತ ಊರೆಲ್ಲ ಹೇಳ್ವಾಗ ನೀವು ಬಾಯಿಗೆ ಬೀಗ ಹಾಕ್ಕೊಂಡು ಕೂತ್ರಿ. ಈ ಹೆಂಗಸನ್ನ ನಾನು ಲಾಕಪ್ಪಲ್ಲಿಟ್ಟೆ, ಆಗಲೂ ಬಾಯಿ ಬಿಡ್ಲಿಲ್ಲ. ನಿಮ್ಮ ಜೊತೆ ಎಷ್ಟು ವರ್ಷ ಕೆಲಸ ಮಾಡಿದಾಳೆ ಇವಳು? ನಾಚಿಕೆ ಆಗಲ್ವಾ?”

“ಆಗತ್ತೆ,” ಎಂದ ಬೊಪ್.

“ಯಾರು ತಂದ್ಕೊಟ್ರು ಪಿನ್ನು?”

ಮುದುಕ ತಲೆ ತಗ್ಗಿಸಿದ.

“ನೀವೇ ಹಾಕಿದ್ರಾ?”

“ಇಲ್ಲ.”

“ಯಜಮಾನ ಅವಸರ ಮಾಡಿದ್ರಾ?”

“ಅವ್ರಿಗೆ ಪಿನ್ನು ಯಾವ್ದು ಬೋಲ್ಟು ಯಾವ್ದು ಅಂತ್ಲೇ ಗೊತ್ತಿಲ್ಲ.”

“ಮತ್ಯಾರು? ದೆವ್ವ ಬಂತಾ?” ನನ್ನ ಗಂಟಲು ಏರಿಬಿಟ್ಟಿತು. ಈ ಮುದುಕರ ಮೌನ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಬೊಪ್ ಬುರ್ಗಾಳ ಕಡೆ ನೋಡಿದ. ಆಕೆಯೂ ಅವನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಏನು ಹೋಯಿತು ಏನು ಬಂತು ನನಗೆ ಆಗ ಹೊಳೆಯಲಿಲ್ಲ.

“ಆಂಟೊನ್,” ಎಂದ ಬೊಪ್ ಕೊನೆಗೆ. “ಆಂಟೊನೇ ತಂದ. ಮಂಗಳವಾರ ಬೆಳಿಗ್ಗೆ, ಬಾಗಿಲು ಹಾಕೋ ಹೊತ್ತಿಗೆ ಬಂದು ಬುಟ್ಟೀಲಿ ಹಾಕ್ದ. ಬುರ್ಗಾಗೆ ಹೇಳ್ಬೇಡ ಮಾರಾಯ ಅಂತ ಕಣ್ಣು ಹೊಡ್ದು, ಬಾಯ್ತುಂಬ ನಕ್ಕ.”

“ಮೈಸ್ಟರ್ ನೀವು. ಹುಲ್ಲುಬಣ್ಣದ ಬ್ಲೇಡು ಜೊತೆ ಪಿನ್ನು ಹೋಗ್ತಿರೋದು ಕಾಣ್ಲಿಲ್ವಾ?”

ಮುದುಕನ ಮೀಸೆ ಅದುರಿತು. “ನೋಡ್ಲಿಲ್ಲ. ಅದೇ ನನ್ನ ಕರ್ಮ. ಬುಟ್ಟಿ ಒಳಗೆ ಏನಿದೆ ಅಂತ ನೋಡೋದನ್ನೇ ಎಷ್ಟೋ ವರ್ಷದಿಂದ ಬಿಟ್ಟುಬಿಟ್ಟಿದ್ದೆ. ಹಲಗೆ ಮೇಲೆ ಕಾರ್ಡು ಬಂತಾ, ಅದು ಸರೀನೇ ಇರತ್ತೆ. ಬುರ್ಗಾ ತಪ್ಪಲ್ವಲ್ಲ! ಕಾರ್ಡು ಕಿತ್ತೆ, ಬುಟ್ಟಿ ತಳ್ಳಿದೆ, ಬಾಗಿಲು ಹಾಕ್ದೆ. ಗುರುವಾರ ಬಣ್ಣ ಕೂಡ ನೋಡ್ದೆ ಆಂಟೊನ್ ಕೈಗೆ ಕೊಟ್ಟೆ. ನನ್ನ ಮೊಮ್ಮಗನೂ ಬಣ್ಣ ನೋಡಿ ಹೇಳ್ತಿದ್ದ ಹೆರ್ ಫಾಯ್ಟ್. ನನ್ನನ್ನ ಹಿಡ್ಕೊಂಡು ಹೋಗಿ. ನಾನು ಬರ್ತೀನಿ.”

ಅವನು ಅಳುತ್ತಿದ್ದ. ಸುಟ್ಟ ಕಲೆಗಳ ಆ ದೊಡ್ಡ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಏಪ್ರನ್ನಿನಲ್ಲಿ ಒರೆಸಿಕೊಳ್ಳುತ್ತಲೇ ಇದ್ದ.

ನನಗೆ ಸಿಟ್ಟೆಲ್ಲ ಇಳಿದುಹೋಯಿತು. ಕೊನೆಗೆ ಇಷ್ಟೆಯೇ? ಹೆಂಡತಿಗೆ ತಿಳಿಯದಂತೆ ಸರದಿ ಹಾರಿದ ಗಂಡ, ತನ್ನ ಸಾವನ್ನು ತಾನೇ ಕುಲುಮೆಗೆ ಇಟ್ಟು ಹೋದ ಗಂಡ. ಇದರಲ್ಲಿ ಹಿಡಿಯುವುದಕ್ಕೆ ಕಳ್ಳನೂ ಇಲ್ಲ, ಕೊಲೆಗಾರನೂ ಇಲ್ಲ. ಸಹಿಯಾಗದ ತಪ್ಪೊಪ್ಪಿಗೆಯ ಕಾಗದವನ್ನು ಬೆಂಚಿನ ಮೇಲಿಟ್ಟು, ಹರಿಯಲು ಹೋದೆ. “ಇದು ಇನ್ನು ಸುಳ್ಳು. ಫ್ರೌ ಶ್ಲೆಂಕರ್, ನೀವು ಮನೆಗೆ ಹೋಗಬಹುದು.”

ಆಕೆ ನನ್ನ ಕೈ ಹಿಡಿದಳು. ಎಷ್ಟು ಗಟ್ಟಿ ಹಿಡಿದಳೆಂದರೆ ಉಗುರು ಚುಚ್ಚಿತು.

“ಪೆನ್ನು ಕೊಡಿ.”

“ಯಾಕೆ?”

“ಕೊಡಿ ಅಂದ್ನಲ್ಲ!”

ಜೇಬಿನಲ್ಲಿದ್ದ ಪೆನ್ನನ್ನು ಅವಳೇ ಕಿತ್ತುಕೊಂಡಳು. ಕಾಗದ ಮಗುಚಿ ಹಾಕಿ, ಬೆನ್ನ ಮೇಲೆ ಬರೆಯತೊಡಗಿದಳು. ಬರೆಯುತ್ತ ಬರೆಯುತ್ತ ಜೋರಾಗಿ ಓದಿದಳು, ನನಗೊಬ್ಬನಿಗಲ್ಲ, ಬೊಪ್‌ಗೂ ಸೇರಿ: “ಹೊಸ ಪಿನ್ನಿನ ಕಾರ್ಡನ್ನು ಮಂಗಳವಾರದ ಸಾಲಿಗೆ ಹಾಕಿದವಳು ನಾನೇ. ಗಂಡನ ಕಾಟ ತಡೆಯದೆ ಹಾಕಿದೆ. ಶಾಖ ತಪ್ಪು ಎಂದು ಗೊತ್ತಿದ್ದೂ ಹಾಕಿದೆ. ಬೇರೆ ಯಾರೂ ಹಲಗೆ ಮುಟ್ಟಿಲ್ಲ.” ಕೆಳಗೆ ಸಹಿ ಮಾಡಿದಳು. “ತಗೊಳ್ಳಿ. ನಿಮ್ಮ ವಕೀಲರಿಗೆ ಕೊಡಿ. ಹೊರಡೋಣ ನಡೀರಿ.”

“ನಿಮ್ಮ ಗಂಡನ ಹೆಸರು ಉಳಿಸೋಕೆ ಇದು? ಸತ್ತವರಿಗೆ ಏನಾಗ್ಬೇಕು ಫ್ರೌ ಶ್ಲೆಂಕರ್? ಅವ್ರು ಮಾಡಿದ ತಪ್ಪಿಗೆ ನೀವು ಜೈಲಿಗೆ…”

“ನಡೀರಿ ಅಂದೆ! ಈಗಲೇ.”

ಆ ಅವಸರ ನನ್ನನ್ನು ತಡೆಯಿತು. ಇಷ್ಟು ದಿನ ಹೆಣದ ಹಾಗೆ ಕೂತಿದ್ದವಳು ಈಗ ನನ್ನ ತೋಳು ಹಿಡಿದು ಬಾಗಿಲ ಕಡೆ ಎಳೆಯುತ್ತಿದ್ದಾಳೆ.

ಬಾಯ್ತುಂಬ ನಕ್ಕ, ಎಂದಿದ್ದ ಬೊಪ್.

ಮಂಗಳವಾರ ಬೆಳಿಗ್ಗೆ ಆಂಟೊನ್ ಹಲ್ಲಿನ ಡಾಕ್ಟರ ಬೆಂಚಿನ 
ಮೇಲೆ ಹೆಂಡತಿಯ ಕೈ ಹಿಡಿದು ಕೂತಿದ್ದ. ಶವಾಗಾರದಲ್ಲಿ ಆ ದವಡೆಯ ಗುಳಿಯನ್ನು ನಾನೇ ಕಂಡಿದ್ದೆ. ಬೊಪ್ ಹೇಳಿದ್ದು ಶುದ್ಧ ಸುಳ್ಳು. ಇನ್ನೊಂದು, ಪಿನ್ನನ್ನು ಆಂಟೊನ್ ಕದ್ದು ಬುಟ್ಟಿಗೆ ಹಾಕಿದ್ದರೆ ಹಲಗೆಯ ಮೇಲೆ ಅದರ ಕಾರ್ಡು ಎಲ್ಲಿಂದ ಬಂತು? ಕಾರ್ಡು ಕಿತ್ತೆ ಎಂದು ಅಳುತ್ತ ಅಳುತ್ತ ಅವನೇ ಬಾಯಿಬಿಟ್ಟಿದ್ದ.

ಆ ಸುಳ್ಳು ನನಗೆ ತಿಳಿಯುವ ಮೊದಲೇ ಬುರ್ಗಾಗೆ ತಿಳಿದಿತ್ತು. ಅವಳೇ ಅಲ್ಲವೇ ಗಂಡನ ಪಕ್ಕ ಕೂತಿದ್ದವಳು! ತಿಳಿದೂ ತಿಳಿದೂ ಸಹಿ ಹಾಕಿದಳು. ಗಂಡನಿಗಾಗಿ ಅಲ್ಲ.

“ಫ್ರೌ ಶ್ಲೆಂಕರ್,” ಎಂದೆ. “ಮಂಗಳವಾರ ಬೆಳಿಗ್ಗೆ ನೀವು ಇಲ್ಲಿರ್ಲಿಲ್ಲ. ಹಲಗೆ ಯಾರ ಕೈಲಿ ಬಿಟ್ಟು ಹೋಗಿದ್ರಿ?”

“ಯಾರ ಕೈಲೂ ಇಲ್ಲ.”

“ಬುರ್ಗಾ…” ಎಂದ ಬೊಪ್.

“ನೀನು ಬಾಯ್ಮುಚ್ಚು ಕ್ವಿರಿನ್! ನಿನ್ನ ಕಾಲಿಗೆ ಬೀಳ್ತೀನಿ, ಬಾಯ್ಮುಚ್ಚು.”

ಬಾಗಿಲು ತೆರೆಯಿತು. ಲೋರೆ, ತೋಳಿನ ಮೇಲೆ ಅಮ್ಮನ ದಪ್ಪ ಕೋಟು.

“ಕೋಟು ಮರ್ತು ಬಂದಿದ್ಯಲ್ಲಮ್ಮ, ಹೊರಗೆ ಎಷ್ಟು ಚಳಿ.” ಕೋಟನ್ನು ಅಮ್ಮನ ಹೆಗಲಿಗೆ ಹೊದಿಸಿ, ಗುಂಡಿ ಹಾಕಿ, ಆಮೇಲೆ ಮೈಸ್ಟರನ ಕಡೆ ತಿರುಗಿದಳು. ತುಂಬ ದಿನದಿಂದ ನುಂಗಿಕೊಂಡಿದ್ದು ಕಟ್ಟೆ ಒಡೆಯಿತು.

“ಕ್ವಿರಿನ್ ಮಾಮ, ಪೊಲೀಸ್ನೋರ ಮುಂದೇನೇ ಕೇಳ್ತೀನಿ. ಮಂಗಳವಾರ ಅಮ್ಮ ಹಲಗೆ ನೋಡ್ಕೋ ಅಂತ ನಂಗೆ ಹೇಳಿ ಹೋಗಿದ್ಲು. ಅಪ್ಪ ಪಾಪ ಅಷ್ಟು ಕೇಳ್ತಿದ್ದ, ಅಮ್ಮ ಬೈತಿದ್ಲು. ಅದಕ್ಕೆ ನಾನೇ ಅಪ್ಪನ ಕಾರ್ಡನ್ನ ಮೊಳೆಯಿಂದ ತೆಗ್ದು ನಿಮ್ಮ ಸಾಲಿಗೆ ಹಾಕ್ದೆ. ಪಿನ್ನನ್ನೂ ನಾನೇ ಬುಟ್ಟಿಗಿಟ್ಟೆ, ಎಲ್ಲಕ್ಕಿಂತ ಮೇಲೆ, ಕಾಣೋ ಹಾಗೆ. ಅಪ್ಪಂಗೆ ಖುಷಿ ಆಗ್ಲಿ ಅಂತ. ಇಷ್ಟೆಲ್ಲ ಮಾಡಿಟ್ರೂ ನೀವು ಅದನ್ನ ಕುಲುಮೆಗೆ ಹಾಕ್ಲೇ ಇಲ್ಲ ಅಲ್ವಾ? ಹಾಕಿ ಕೊಟ್ಟಿದ್ರೆ ಅಪ್ಪ ಹಳೇ ಪಿನ್ನಿಗೆ ಯಾಕೆ ಭಾರ ಹಾಕ್ತಿದ್ದ? ಹೇಳಿ! ನನ್ನ ಮುಖ ನೋಡಿ ಹೇಳಿ!”

ಬುರ್ಗಾ ಕಣ್ಣು ಮುಚ್ಚಿಕೊಂಡಳು.

“ಹೌದು ಲೋರೆ,” ಎಂದ ಮುದುಕ. “ಮರ್ತುಬಿಟ್ಟೆ. ನನ್ನದೇ ತಪ್ಪು.”

“ಮರೆತ್ರಂತೆ,” ಎಂದಳು ಅವಳು ನನಗೆ, ಕಣ್ಣೊರೆಸಿಕೊಳ್ಳುತ್ತ. “ಕೇಳಿದ್ರಾ? ಮರೆತ್ರಂತೆ.”

ಆಮೇಲೆ ಅವಳ ಕಣ್ಣು ನನ್ನ ಮುಷ್ಟಿಯ ಮೇಲೆ ಬಿತ್ತು. ಬಾಗಿಲು ತೆರೆದಾಗ ತುಂಡುಗಳನ್ನು ಬಾಚಿಕೊಂಡಿದ್ದೆ. ಮುಷ್ಟಿಗೆ ಅವು ದೊಡ್ಡವು. ಒಂದರ ತುದಿ ಬೆರಳ ಸಂದಿಯಿಂದ ಹೊರಗೆ ಇಣುಕುತ್ತಿತ್ತು.

“ಅದು ಅಪ್ಪನ ಪಿನ್ನಾ, ಹೆರ್ ಫಾಯ್ಟ್?”

ಹೊಸ ಪಿನ್ನನ್ನು ಒರೆಸಿ, ಬುಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟವಳು ಇವಳು. ಯಾವ ದಿನ ಯಾವ ಶಾಖ ಎಂಬ ಲೆಕ್ಕ ತಿಳಿಯದಿದ್ದರೂ, ಬ್ಲೇಡಿನ ಬಣ್ಣ ಯಾವುದು, ಕೊಕ್ಕೆಯ ಬಣ್ಣ ಯಾವುದು ಎಂದು ದಿನಾ ನೋಡುವವಳು. ಒಂದೇ ನೋಟ ಸಾಕು ಇವಳಿಗೆ, ಮುರಿದದ್ದು ತಾನಿಟ್ಟ ಪಿನ್ನೇ ಎಂದು ತಿಳಿಯಲು.

ಬುರ್ಗಾ ನನ್ನನ್ನೇ ನೋಡುತ್ತಿದ್ದಳು. ಬೇಡಿಕೊಳ್ಳುವ ಶಕ್ತಿಯೂ ಆ ಕಣ್ಣುಗಳಲ್ಲಿ ಉಳಿದಿರಲಿಲ್ಲ. ಅವಳು ಸಹಿ ಮಾಡಿದ ಕಾಗದ ನನ್ನ ಎಡಗೈಯಲ್ಲಿತ್ತು, ಮಗಳು ಕೇಳುತ್ತಿದ್ದ ಉಕ್ಕು ಬಲಗೈಯಲ್ಲಿ.

“ಒಂದ್ಸಲ ಕೊಡಿ. ನಮ್ಮಪ್ಪ ಕೊನೇಲಿ ಮುಟ್ಟಿದ್ದು ಅದೇ ಅಲ್ವಾ,” ಎಂದು ಲೋರೆ ನನ್ನ ಮುಂದೆ ಕೈ ಚಾಚಿದಳು.